ಲಾಟೀನು ಗಾಜು, ಅವರೆಕಾಯಿ ರಾಶಿ

ಸಂಜೆ ಐದೂಕಾಲು. ಬೇಳೆ ಕುಕ್ಕರಿಗೆ ಹಾಕಿ ಇಟ್ಟಿದ್ದೇನೆ, ಇನ್ನೂ ಒಂದು ಕೂಗೂ ಕೂಗಿಲ್ಲ. ಎರಡೂವರೆ ವರ್ಷದ ಮಗ ನನ್ನ ಕಾಲು ತಬ್ಬಿಕೊಂಡು ಅಳುತ್ತಿದ್ದಾನೆ. ಯಾಕೆ ಅಂತ ಕೇಳಿದರೆ ಅಳು ಇನ್ನೂ ಜೋರಾಗುತ್ತದೆ. ಐದು ವರ್ಷದ ಮಗಳು ದಿವಾನದ ಮೇಲಿನ ದಿಂಬುಗಳನ್ನೆಲ್ಲ ನೆಲಕ್ಕೆ ಎಳೆದಿದ್ದಾಳೆ. "ಅಪ್ಪಾ, ಈಗ ಏನ್ ಮಾಡ್ಲಿ? ಅಪ್ಪಾ, ಹೇಳು, ಏನ್ ಮಾಡ್ಲಿ?" ಹಿಟ್ಟು ಕಲಸಬೇಕು, ಸೊಪ್ಪು ಬಿಡಿಸಬೇಕು. ಬೆಳಿಗ್ಗೆಯ ಪಾತ್ರೆ ಸಿಂಕಿನಲ್ಲಿ ಹಾಗೇ ಇದೆ. ಹೆಂಡತಿ ಮನೆ ತಲುಪುವುದು ಏಳೂವರೆಗೆ. ಅಲ್ಲಿವರೆಗೆ ಇನ್ನೂ ಎರಡೂಕಾಲು ಗಂಟೆ.

2023ರ ಕೊನೆಯ ತಿಂಗಳುಗಳಲ್ಲಿ ಕೆಂಗೇರಿಯ ನಮ್ಮ ಬಾಡಿಗೆ ಮನೆಯ ಹೆಚ್ಚುಕಮ್ಮಿ ಪ್ರತಿ ಸಂಜೆಯೂ ಹೀಗೇ ಇತ್ತು. ನನ್ನ ಆಫೀಸಿನ ಕೆಲಸ ಆಸ್ಟ್ರೇಲಿಯಾದವರ ಜೊತೆ. ಹಾಗಾಗಿ ಬೆಳಿಗ್ಗೆ ಆರೂವರೆಗೇ ಮನೆಯಲ್ಲಿ ಕೂತು ಶುರು ಮಾಡಿ ಮೂರೂವರೆಗೆ ಮುಗಿಸುತ್ತೇನೆ. ಹೆಂಡತಿಗೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಬೆಳಿಗ್ಗೆ ಮಕ್ಕಳಿಗೆ ಸ್ನಾನ, ತಿಂಡಿ ಎಲ್ಲ ಮುಗಿಸಿ ಬಿಟ್ಟು ಹೋಗುವವಳು ಅವಳು. ಸಂಜೆ ಕರೆತರುವುದು, ನೋಡಿಕೊಳ್ಳುವುದು, ರಾತ್ರಿ ಅಡುಗೆ ನನ್ನದು. ಇಬ್ಬರೂ ಕೂತು ಯೋಚಿಸಿ ಮಾಡಿಕೊಂಡ ಏರ್ಪಾಡು. ಬೆಳಗು ಹೇಗೋ ನಡೆಯುತ್ತಿತ್ತು. ಸಂಜೆ ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಮೊದಮೊದಲು ನಾನೂ ಫೋನ್ ಕೊಟ್ಟೆ. ಹತ್ತು ನಿಮಿಷ ಅಂತ ಶುರುವಾಗಿದ್ದು ಒಂದು ತಿಂಗಳೊಳಗೆ ಒಂದೂವರೆ ಗಂಟೆ ಆಯಿತು. ಮನೆ ತಣ್ಣಗಾಗುತ್ತಿತ್ತು, ಅಡುಗೆ ಆಗುತ್ತಿತ್ತು. ಆದರೆ ಊಟಕ್ಕೆ ಅಂತ ಫೋನ್ ವಾಪಸ್ ತೆಗೆದುಕೊಂಡ ಕ್ಷಣ, ಆವರೆಗೆ ತಡೆದಿಟ್ಟಿದ್ದ ಅಳು ಎಲ್ಲ ಒಟ್ಟಿಗೆ ಬರುತ್ತಿತ್ತು. ತಟ್ಟೆ ಮುಂದೆ ಅಳು, ಹಾಸಿಗೆ ಮೇಲೆ ಅಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿತು. ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿಯಾದಷ್ಟೂ ಒಳ್ಳೆಯದು ಅಂತ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ 2021ರಲ್ಲಿ ಹೇಳಿದ್ದೂ ಬಹುಪಾಲು ಅದನ್ನೇ. ಅದು ನನಗೆ ಗೊತ್ತಿತ್ತು. ಆದರೆ ಕುದಿಯುವ ಸಾರಿನ ಪಕ್ಕದಲ್ಲಿ ಕಾಲಿಗೆ ಮಗು ಜೋತುಬಿದ್ದಿರುವಾಗ ಮಾರ್ಗಸೂಚಿ ನೆನಪಾಗುವುದಿಲ್ಲ. ಸಾರು ಮಗುವಿನ ಮೇಲೆ ಬೀಳಬಾರದು ಅನ್ನುವುದೊಂದೇ ತಲೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಫೋನ್ ಕೊಡುವ ಅಪ್ಪ ಅಮ್ಮಂದಿರನ್ನು ಬೈಯುವ ಬರಹ ಓದಿದಾಗ ನನಗೆ ಬೇಜಾರಾಗುತ್ತದೆ. ಆ ಮನೆಯಲ್ಲಿ ಆ ಹೊತ್ತಿಗೆ ಎಷ್ಟು ಜನ ದೊಡ್ಡವರಿದ್ದರು ಅಂತ ಯಾರೂ ಕೇಳುವುದಿಲ್ಲ.

ಅದೇ ಹೊತ್ತು ಯಾಕೆ ಹೀಗೆ? ಹಸುಗೂಸುಗಳ ಅಳುವಿನ ಬಗ್ಗೆ ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 80 ಶಿಶುಗಳ ತಾಯಂದಿರು ದಿನದಿನದ ಅಳುವನ್ನು ಬರೆದಿಟ್ಟಿದ್ದರು. ಹುಟ್ಟಿ ಆರು ವಾರ ಆಗುವ ಹೊತ್ತಿಗೆ ಅಳು ಅತಿ ಹೆಚ್ಚು, ಅದರಲ್ಲೂ ಜಾಸ್ತಿ ಸಂಜೆಯ ಹೊತ್ತಿನಲ್ಲಿ. ಅದು ಕೂಸುಗಳ ಲೆಕ್ಕ, ನಿಜ. ಆದರೆ ಎರಡು, ಮೂರು, ಐದು ವರ್ಷದ ಮಕ್ಕಳನ್ನು ಸಾಕಿದ ಯಾರನ್ನು ಕೇಳಿದರೂ ಸಂಜೆಯ ಮಾತೇ ಬರುತ್ತದೆ. ಮಧ್ಯಾಹ್ನದ ನಿದ್ದೆ ಸಾಲದೆ ಹೋಗಿರುತ್ತದೆ. ಊಟ ಮಾಡಿ ನಾಲ್ಕು ಗಂಟೆ ಆಗಿರುತ್ತದೆ. ಬೆಳಗಿನಿಂದ ಬೇರೆಯವರ ನಡುವೆ ಜಾಣ ಮಗುವಾಗಿ ಕೂತಿದ್ದ ಆಯಾಸವನ್ನೆಲ್ಲ ಮನೆಗೆ ತಂದು ನಮ್ಮ ಮುಂದೆ ಇಳಿಸುತ್ತಾರೆ. ನಮ್ಮ ಹತ್ತಿರ ಮಾತ್ರ ಇಳಿಸಬಹುದು ಅಂತ ಅವರಿಗೆ ಗೊತ್ತು.

ನಮ್ಮ ಹಿರಿಯರು ಆ ಹೊತ್ತಿಗೆ ಎಷ್ಟೊಂದು ನಿಯಮ ಕಟ್ಟಿಟ್ಟಿದ್ದರು ನೋಡಿ. ಮುಸ್ಸಂಜೆಯಲ್ಲಿ ಮಲಗಬಾರದು. ಕಸ ಗುಡಿಸಬಾರದು. ಹೊಸ್ತಿಲ ಮೇಲೆ ಕೂರಬಾರದು. ಉಪ್ಪು, ಮೊಸರು ಕೈ ಬದಲಾಯಿಸಬಾರದು. ಮಗು ಸುಮ್ನೆ ಅಳುತ್ತಿದ್ದರೆ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ದೃಷ್ಟಿಯ ಮಾತು ಬಿಡಿ, ಆ ಕೆಲಸಕ್ಕೆ ಮನೆಯ ಒಬ್ಬ ದೊಡ್ಡವರು ಎಲ್ಲ ಬಿಟ್ಟು ಮಗುವಿನ ಮುಂದೆ ಬಂದು ಕೂರುತ್ತಿದ್ದರು ಅಲ್ವಾ? ಮುಸ್ಸಂಜೆಯಲ್ಲಿ ಮಲಗಬಾರದು ಅನ್ನುವುದಂತೂ ನಮ್ಮ ಮನೆಯಲ್ಲಿ ಈಗಲೂ ನಡೆಯುವ ನಿಯಮ. ಆರಕ್ಕೆ ಮಲಗಿ ಏಳಕ್ಕೆ ಎದ್ದ ಮಗು ಹನ್ನೊಂದರವರೆಗೂ ಕಣ್ಣು ಮುಚ್ಚುವುದಿಲ್ಲ.

2024ರ ಜನವರಿಯಲ್ಲಿ ಅಮ್ಮ ಊರಿಂದ ಬಂದಳು. ನಮ್ಮದು ಮಾಗಡಿ ಕಡೆಯ ಹಳ್ಳಿ. ಜನವರಿ ಅಂದರೆ ಅಲ್ಲಿ ಅವರೆಕಾಯಿ ಕಾಲ. ಹೊಲದ ಕಾಯಿಗೆ ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅನ್ನುತ್ತಾರೆ ನಮ್ಮವರು. ಅಮ್ಮ ಒಂದು ಚೀಲ ತುಂಬ ಕಾಯಿ ತಂದಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ವಾಸನೆ ಹಿಡಿದು "ಎಲ್ಲೀದಮ್ಮ ಕಾಯಿ?" ಅಂತ ಕೇಳಿದರಂತೆ.

ಅವತ್ತು ಸಂಜೆ ಎಂದಿನ ಹಾಗೆ ಅಳು ಶುರುವಾಯಿತು. ನಾನು ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಮಗನನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಮಗೀಗೆ ಹೊಟ್ಟೆ ಹಸ್ದಿದೆ ಕಣಪ್ಪ. ಮೊದ್ಲು ಅವುನ್ ಹೊಟ್ಟೇಗೆ ಏನಾರ ಹಾಕು, ಆಮೇಲೆ ನಿನ್ ಅಡ್ಗೆ" ಅಂದಳು. ತಾನೇ ರಾಗಿ ಹುರಿಹಿಟ್ಟಿಗೆ ಬೆಲ್ಲ, ಹಾಲು, ಒಂದು ಚಮಚ ತುಪ್ಪ ಹಾಕಿ ಕಲಸಿ, ಉಂಡೆ ಮಾಡಿ ಇಬ್ಬರ ಕೈಗೂ ಕೊಟ್ಟಳು. ತಿನ್ನುವವರೆಗೂ ಮನೆಯಲ್ಲಿ ಸದ್ದಿಲ್ಲ. ಇಷ್ಟು ದಿನ ಊಟ ಕೆಡುತ್ತದೆ ಅಂತ ಆ ಹೊತ್ತಿಗೆ ಏನೂ ಕೊಡದೆ ಇದ್ದವನು ನಾನು. ಊಟವೇ ಎಂಟೂವರೆಗೆ ಆಗುತ್ತಿತ್ತು. ಸಣ್ಣ ಹೊಟ್ಟೆಗೆ ಅದು ಎಷ್ಟು ದೂರ ಅಂತ ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಅಮ್ಮ ಹಾಲ್‌ನ ನಡುವೆ ಹಳೇ ಸೀರೆ ಹಾಸಿ, ಚೀಲ ಬೋರಲು ಹಾಕಿ, ಕಾಯಿಯ ರಾಶಿ ಸುರಿದಳು. ರಾಶಿಯ ಪಕ್ಕ ಕಾಲು ಚಾಚಿ ಕೂತಳು. ಬನ್ನಿ ಅಂತ ಕರೆಯಲೂ ಇಲ್ಲ. ತನ್ನ ಪಾಡಿಗೆ ಸುಲಿಯೋಕೆ ಶುರು ಮಾಡಿದಳು. ಎರಡು ನಿಮಿಷಕ್ಕೆ ಮಗಳು ಬಂದು ಕೂತಳು. ಮೂರನೇ ನಿಮಿಷಕ್ಕೆ ಮಗ ನನ್ನ ಸೊಂಟದಿಂದ ಜಾರಿ ಇಳಿದ.

ಕಾಯಿ ಬೆರಳಿಗೆ ಅಂಟಂಟು. ಮಗಳು ಬೆರಳು ಮೂಸಿ ಮೂಸಿ ನೋಡಿಕೊಂಡಳು. ಹಿಂಬದಿಯ ನಾರು ಎಳೆದು, ಹೆಬ್ಬೆರಳಿನಿಂದ ಕಾಯಿ ಬಿಡಿಸೋದನ್ನು ಅಜ್ಜಿ ಒಂದೇ ಸಲ ತೋರಿಸಿದಳು. ನಾಲ್ಕನೇ ಕಾಯಿಗೆ ಮೊಮ್ಮಗಳ ಕೈ ಪಳಗಿತು. ಚಿಕ್ಕವನಿಗೆ ಬಿಡಿಸೋಕೆ ಬರಲಿಲ್ಲ. ಅವನಿಗೆ ಅಮ್ಮ ಬೇರೆ ಕೆಲಸ ಕೊಟ್ಟಳು: ಸಿಪ್ಪೆಯನ್ನೆಲ್ಲ ಬಾಚಿ ಬುಟ್ಟಿಗೆ ಹಾಕೋದು. ಬುಟ್ಟಿ ಬೇಕಂತಲೇ ಐದಾರು ಹೆಜ್ಜೆ ದೂರದಲ್ಲಿತ್ತು. ಅವನು ಎರಡೂ ಕೈ ತುಂಬ ಸಿಪ್ಪೆ ಹಿಡಿದು ಹೋಗುವನು, ಅರ್ಧ ದಾರಿಯಲ್ಲಿ ಚೆಲ್ಲುವನು, ಉಳಿದದ್ದು ಬುಟ್ಟಿಗೆ, ಮತ್ತೆ ಓಡಿ ಬರುವನು. ಅಷ್ಟರಲ್ಲಿ ಮಗಳ ಕಾಯಿಯೊಳಗಿಂದ ಒಂದು ಹಸಿರು ಹುಳ ಹೊರಗೆ ಬಂತು. ಅವಳು ಕಿರುಚಿದಳು. ಆಮೇಲೆ ಇಬ್ಬರೂ ನೆಲಕ್ಕೆ ಬೋರಲಾಗಿ ಮಲಗಿ, ಅದು ಬೆನ್ನು ಗುಡ್ಡೆ ಮಾಡಿಕೊಂಡು ಹರಿಯೋದನ್ನು ಎಷ್ಟೋ ಹೊತ್ತು ನೋಡಿದರು. ಅಮ್ಮ ಒಂದು ಮಾತೂ ಆಡಲಿಲ್ಲ. ಅವಸರ ಮಾಡಲಿಲ್ಲ. ನಾನು ಗಡಿಯಾರ ನೋಡಿದಾಗ ಆರೂ ಮುಕ್ಕಾಲು. ಸಾರು, ಅನ್ನ, ಪಲ್ಯ ಆಗಿತ್ತು. ಯಾರೂ ಅತ್ತಿರಲಿಲ್ಲ.

ಮಾರನೇ ದಿನದ ಕೆಲಸ ಇನ್ನೂ ಚೆನ್ನಾಗಿತ್ತು. ರಾತ್ರಿ ನೆನೆಹಾಕಿದ ಕಾಳನ್ನು ಸಂಜೆ ಹಿದುಕೋದು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಹೋಗುತ್ತದೆ. ಐದು ವರ್ಷದ ಮಗುವಿಗೆ ಇದಕ್ಕಿಂತ ಬೇರೆ ಆಟ ಬೇಕಾ? ಕೆಲವು ಬೇಳೆ ಪಾತ್ರೆಗೆ ಬಿದ್ದವು, ಕೆಲವು ಟೀವಿ ಕೆಳಗೆ ಹೋದವು. ಚಿಕ್ಕವನು ಅವನ್ನು ಹುಡುಕಿ ತರುವ ಕೆಲಸ ತಾನೇ ಶುರು ಮಾಡಿಕೊಂಡ. ಅವತ್ತು ರಾತ್ರಿ ಹಿದುಕಿದ ಬೇಳೆ ಸಾರು, ಮುದ್ದೆ. "ಈ ಬೇಳೆ ನಾನ್ ಹಿದುಕಿದ್ದು" ಅಂತ ಮಗಳು ಅಮ್ಮನ ತಟ್ಟೆಯಲ್ಲಿ ಬೆರಳಿಟ್ಟು ತೋರಿಸಿದಳು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಾಳು, ಬಟಾಣಿ, ಹುಣಸೆ ಬೀಜ ಇಂಥದ್ದನ್ನು ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಟ್ಟು ಅತ್ತ ತಿರುಗಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಗುತ್ತದೆ. ಮೂಗಿಗೆ ತೂರಿಸಿಕೊಂಡರೆ ಕಾಳು ಒಳಗೇ ಒದ್ದೆಯಾಗಿ ಊದಿಕೊಳ್ಳುತ್ತದೆ, ತೆಗೆಯುವುದು ಕಷ್ಟ. ಹಸಿ ಅವರೆಕಾಳು ತಿನ್ನೋದೂ ಒಳ್ಳೆಯದಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಡಲೆಕಾಯಿ ಬೀಜವನ್ನು ಇಡಿಯಾಗಿ ಕೊಡಬೇಡಿ ಅಂತಲೂ ಡಾಕ್ಟರುಗಳು ಹೇಳುತ್ತಾರೆ. ಅಮ್ಮ ಚಿಕ್ಕವನಿಗೆ ಸಿಪ್ಪೆ ಮಾತ್ರ ಕೊಟ್ಟಿದ್ದು ಇದಕ್ಕೇ ಅಂತ ಆಮೇಲೆ ಗೊತ್ತಾಯಿತು. ಬೇಳೆ ಹುಡುಕುವ ಹೊತ್ತಿನಲ್ಲಿ ಅವಳ ಕಣ್ಣು ಅವನ ಕೈಮೇಲೇ ಇತ್ತು.

ಅಮ್ಮ ಹದಿನೈದು ದಿನ ಇದ್ದು ಊರಿಗೆ ಹೋದಳು. ಬಸ್ ಸ್ಟ್ಯಾಂಡಿನಿಂದ ವಾಪಸ್ ಬರುವಾಗ ನನಗೆ ಒಂದು ವಿಷಯ ನೆನಪಾಯಿತು. ಇಷ್ಟು ವರ್ಷ ಯಾಕೆ ನೆನಪಾಗಿರಲಿಲ್ಲವೋ ಗೊತ್ತಿಲ್ಲ. ಲಾಟೀನು ಗಾಜು.

ನಾನು ಚಿಕ್ಕವನಿದ್ದಾಗ ಊರಿನಲ್ಲಿ ಕರೆಂಟ್ ಇತ್ತು, ಆದರೆ ಹೊತ್ತು ಮುಳುಗುತ್ತಿದ್ದ ಹಾಗೆ ಹೋಗುತ್ತಿತ್ತು. ಹಾಗಾಗಿ ದಿನಾ ಸಂಜೆ ಎರಡು ಲಾಟೀನು ರೆಡಿ ಆಗಬೇಕಿತ್ತು. ಅದರ ಗಾಜು ಒರೆಸುವ ಕೆಲಸ ನನ್ನದು. ಹಿಂದಿನ ರಾತ್ರಿಯ ಮಸಿ ಒಳಗೆಲ್ಲ ಹಿಡಿದಿರುತ್ತಿತ್ತು. ಒಲೆಯ ತಣ್ಣಗಿನ ಬೂದಿ, ತಾತನ ಹಳೇ ಪಂಚೆಯ ಚೂರು. ದೊಡ್ಡವರ ಕೈ ಆ ಗಾಜಿನೊಳಗೆ ಹೋಗುವುದಿಲ್ಲ. ನನ್ನ ಕೈ ಹೋಗುತ್ತಿತ್ತು. ಅದಕ್ಕೇ ಆ ಕೆಲಸ ನನಗೆ ಬಂದಿದ್ದು. ಗಾಜು ಒಡೆದರೆ ಹೊಸದಕ್ಕೆ ಸಂತೆವರೆಗೆ ಕಾಯಬೇಕು ಅಂತ ನನಗೂ ಗೊತ್ತಿತ್ತು. ಜಗಲಿ ಮೇಲೆ ಕಾಲು ಮಡಚಿ ಕೂತು, ಗಾಜನ್ನು ಮಡಿಲಲ್ಲಿಟ್ಟುಕೊಂಡು, ಉಸಿರು ಹಿಡಿದು ಒರೆಸುತ್ತಿದ್ದೆ. ಒರೆಸಿದ ಮೇಲೆ ಅದರೊಳಗಿಂದ ಮುಳುಗುವ ಸೂರ್ಯನನ್ನು ನೋಡುತ್ತಿದ್ದೆ. ಒಂದು ಕಪ್ಪು ಗೆರೆಯೂ ಕಾಣಬಾರದು.

ಅಕ್ಕನಿಗೆ ಕೋಳಿ ಕೆಲಸ. ಮರಿಗಳನ್ನೆಲ್ಲ ಅಟ್ಟಿ ತಂದು ಮಂಕರಿ ಕವುಚಿ, ಮೇಲೆ ಕಲ್ಲು ಹೇರಬೇಕು. ಒಂದು ಮರಿ ಕಮ್ಮಿಯಾದರೂ ಎಲ್ಲರೂ ಹುಡುಕಬೇಕು. ಚಿಕ್ಕಪ್ಪ ಹಸು ಕಟ್ಟುತ್ತಿದ್ದ. ಅತ್ತೆ ಹಾಲು ಕರೆಯುತ್ತಿದ್ದಳು. ಅಮ್ಮ ಒಲೆ ಮುಂದೆ. ಅಜ್ಜಿ ಕೈಕಾಲು ತೊಳೆಸಿ, ದೇವರ ಮುಂದೆ ದೀಪ ಹಚ್ಚಿ, ನಮ್ಮನ್ನು ಜಗಲಿಯಲ್ಲಿ ಕೂರಿಸಿ ಬಾಯಿಪಾಠ ಹೇಳಿಸುತ್ತಿದ್ದಳು. ಪ್ರಭವ, ವಿಭವ ಅಂತ ಅರವತ್ತು ಸಂವತ್ಸರ. ಅಶ್ವಿನಿ, ಭರಣಿ ಅಂತ ಇಪ್ಪತ್ತೇಳು ನಕ್ಷತ್ರ. ಆಮೇಲೆ ಮಗ್ಗಿ. ಪುಸ್ತಕ ಬೇಡ, ಬೆಳಕು ಬೇಡ. ಕತ್ತಲಲ್ಲಿ ಕೂತು ಗಟ್ಟಿಯಾಗಿ ಹೇಳೋದು. ಸಾರಿನ ವಾಸನೆ ಬರುತ್ತಿದ್ದ ಹಾಗೆ ಹದಿಮೂರರ ಮಗ್ಗಿ ಓಡತೊಡಗುತ್ತಿತ್ತು.

ಆ ಮನೆಯಲ್ಲಿ ಆ ಹೊತ್ತಿಗೆ ಐದು ಜನ ದೊಡ್ಡವರಿದ್ದರು. ಮಕ್ಕಳನ್ನು "ಆಡಿಸಬೇಕು" ಅನ್ನುವ ಮಾತನ್ನೇ ನಾನು ಕೇಳಿದ ನೆನಪಿಲ್ಲ. ಎಲ್ಲರೂ ಏನೋ ಒಂದು ಮಾಡುತ್ತಿದ್ದರು, ನಮಗೂ ಅದರಲ್ಲಿ ಒಂದು ಪಾಲು ಇತ್ತು. ಆ ಪಾಲು ಸುಳ್ಳಿನದ್ದಾಗಿರಲಿಲ್ಲ. ನಾನು ಗಾಜು ಒರೆಸದಿದ್ದರೆ ಮನೆ ನಿಜವಾಗಿಯೂ ಮಂಕಾಗಿರುತ್ತಿತ್ತು. ಹಳೇ ಕಾಲ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹೊಗೆಯ ಮುಂದೆ ಕೂತು ಅಮ್ಮನ ಕಣ್ಣು ಕೆಂಪಾಗುತ್ತಿತ್ತು. ಅತ್ತೆಗೆ ಓದುವ ಆಸೆ ಇತ್ತು, ಆಗಲಿಲ್ಲ. ಆ ಸಂಜೆ ವಾಪಸ್ ಬರಲಿ ಅಂತ ನನಗಿಲ್ಲ. ನನಗೆ ಬೇಕಾಗಿದ್ದು ಆ ಗಾಜು ಮಾತ್ರ. ನನ್ನ ಮಕ್ಕಳ ಕೈಗೆ ಈ ಮನೆಯಲ್ಲಿ ಯಾವ ಗಾಜು ಕೊಡಲಿ?

ಆವರೆಗೆ ನಾನು ಮಾಡುತ್ತಿದ್ದದ್ದು ಅದಕ್ಕೆ ಪೂರ್ತಿ ಉಲ್ಟಾ. ಅಡುಗೆಮನೆಗೆ ಅಡ್ಡಲಾಗಿ ಒಂದು ಗೇಟು ಹಾಕಿದ್ದೆ. ಆಟದ ಸಾಮಾನೆಲ್ಲ ಹಾಲ್‌ನಲ್ಲಿ. ಚೆನ್ನಪಟ್ಟಣದಿಂದ ತಂದ ಬಣ್ಣದ ಬಂಡಿ, ಉಂಗುರ ಗೋಪುರ, ಬ್ಲಾಕುಗಳು. ಒಳ್ಳೆಯ ಆಟಿಕೆಗಳೇ. ಆಲೆಮರದ ಮೇಲೆ ಅರಗಿನ ಬಣ್ಣ, ಬಾಯಿಗಿಟ್ಟುಕೊಂಡರೂ ಭಯ ಇಲ್ಲ. ಬೆಳಿಗ್ಗೆ ಅವುಗಳ ಜೊತೆ ಗಂಟೆಗಟ್ಟಲೆ ಕೂರುವ ಮಗ ಸಂಜೆ ಐದಕ್ಕೆ ಅವನ್ನು ತಿರುಗಿಯೂ ನೋಡುತ್ತಿರಲಿಲ್ಲ. ಅವನಿಗೆ ನಾನಿದ್ದ ಜಾಗ ಬೇಕಿತ್ತು, ನನ್ನ ಕೈಯಲ್ಲಿದ್ದ ಸೌಟು ಬೇಕಿತ್ತು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ ಇದನ್ನೇ ಕಂಡರಂತೆ. ಚಂದದ ಆಟಿಕೆಗಳನ್ನು ಇಟ್ಟರೂ ಮಕ್ಕಳು ಅವನ್ನು ಬಿಟ್ಟು ಕೈತುಂಬ ಕೆಲಸ ಇರುವ ಕಡೆ ಹೋಗುತ್ತಿದ್ದರು. ಕೈ ತೊಳೆಯೋದು, ಮೇಜು ಒರೆಸೋದು, ಕಾಳನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯೋದು ಆ ಶಾಲೆಗಳಲ್ಲಿ ಪಾಠಗಳೇ. 1939ರಲ್ಲಿ ಅವರು ಮದ್ರಾಸಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದರು. ನಮ್ಮ ಊರೂರಲ್ಲಿ ಇವತ್ತು ಅವರ ಹೆಸರಿನ ಬೋರ್ಡಿದೆ. ಬೋರ್ಡಿನ ಒಳಗೆ ಸೊಪ್ಪು ಬಿಡಿಸಲು ಬಿಡುವ ಶಾಲೆ ಎಷ್ಟಿವೆಯೋ ಅನ್ನುವ ಪ್ರಶ್ನೆ ನನಗಿದೆ.

ಗೇಟು ತೆಗೆದೆ. ಅದು ಸುಲಭದ ನಿರ್ಧಾರ ಆಗಿರಲಿಲ್ಲ. ಬೆಂಕಿ, ಬಿಸಿ ಎಣ್ಣೆ, ಚಾಕು ಎಲ್ಲ ಅಲ್ಲೇ ಇದೆ. ಮೊದಲು ನಾನು ನನ್ನ ಅಡುಗೆಯ ಕ್ರಮ ಬದಲಾಯಿಸಿದೆ. ಕುಕ್ಕರ್, ಒಗ್ಗರಣೆ, ಹುರಿಯೋದು ಎಲ್ಲ ಮಕ್ಕಳು ಮನೆಗೆ ಬರುವ ಮುಂಚೆ, ಮೂರೂವರೆಯಿಂದ ನಾಲ್ಕೂಕಾಲರ ಒಳಗೆ. ಅವರಿಬ್ಬರನ್ನೂ ಕರೆತಂದ ಮೇಲೆ ಉಳಿಯುವುದು ನೆಲದ ಮೇಲೆ ಕೂತು ಮಾಡುವ ಕೆಲಸ ಮಾತ್ರ. ನಾನೂ ಕಟ್ಟೆ ಬಿಟ್ಟು ನೆಲಕ್ಕೆ ಇಳಿದೆ. ಅಡುಗೆಕಟ್ಟೆ ಎತ್ತರದ್ದು, ಮಗುವಿಗೆ ಅಲ್ಲಿ ಅಪ್ಪನ ಬೆನ್ನು ಮಾತ್ರ ಕಾಣುತ್ತದೆ. ಚಾಪೆ ಹಾಕಿ ಕೂತರೆ ಮುಖ ಕಾಣುತ್ತದೆ. ಅಮ್ಮ ಮಾಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಇರಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ಕರಿಬೇವು ಕಡ್ಡಿಯಿಂದ ಎಲೆ ಬಿಡಿಸೋದು ಚಿಕ್ಕವನ ಪಾಲಿಗೆ ಬಂತು. ಕಡ್ಡಿಯನ್ನು ತುದಿಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಜರ್ ಅಂತ ಎಳೆದರೆ ಎಲ್ಲ ಎಲೆ ಉದುರುತ್ತದೆ. ಅದು ಅವನಿಗೆ ಎಷ್ಟು ಹಿಡಿಸಿತು ಅಂದರೆ ವಾರಕ್ಕೆ ಸಾಕಾಗುವ ಕರಿಬೇವನ್ನು ದಿನಾ ತರಬೇಕಾಯಿತು. ಪಾಲಕ್, ದಂಟು, ಸಬ್ಬಸಿಗೆ ಮಗಳದ್ದು. ಕೊಳೆತ ಎಲೆ ಒಂದು ಕಡೆ, ಚೆನ್ನಾಗಿರೋದು ಒಂದು ಕಡೆ. ಅವಳು ನನಗಿಂತ ನಿಧಾನ, ನನಗಿಂತ ಚೊಕ್ಕ. ಚಪಾತಿ ದಿನ ಇಬ್ಬರಿಗೂ ಒಂದೊಂದು ಹಿಡಿ ಹಿಟ್ಟು. ಅಂಗಡಿಯ ಬಣ್ಣದ ಜೇಡಿ ನಮ್ಮ ಮನೆಗೆ ಆಮೇಲೆ ಬೇಕಾಗಲಿಲ್ಲ. ಲಟ್ಟಿಸಿದ್ದು ಯಾವ ದೇಶದ ನಕ್ಷೆಯಾದರೂ ಆಗಲಿ, ಅದನ್ನು ಬೇಯಿಸಿ ಅವರ ತಟ್ಟೆಗೇ ಹಾಕುತ್ತೇನೆ. ಬೇಯಿಸದೆ ಹಿಟ್ಟು ವಾಪಸ್ ಡಬ್ಬಿಗೆ ಹಾಕಿದರೆ ಮಗುವಿಗೆ ಗೊತ್ತಾಗುತ್ತದೆ. ತನಗೆ ಕೊಟ್ಟಿದ್ದು ಬರೀ ಆಟ ಅಂತ ತಿಳಿದ ಮರುದಿನ ಅದು ಚಾಪೆಗೆ ಬರುವುದಿಲ್ಲ. ಇದನ್ನು ನಾನು ಒಮ್ಮೆ ತಪ್ಪು ಮಾಡಿ ಕಲಿತೆ.

ಊಟದ ಹೊತ್ತನ್ನು ಎಂಟೂವರೆಯಿಂದ ಏಳೂಕಾಲಕ್ಕೆ ತಂದೆವು. ಹೆಂಡತಿ ಬರುವ ಹೊತ್ತಿಗೆ ಮಕ್ಕಳದ್ದು ಅರ್ಧ ಆಗಿರುತ್ತದೆ, ಅವಳು ಕೈ ತೊಳೆದು ಬಂದು ಪಕ್ಕದಲ್ಲಿ ಕೂರುತ್ತಾಳೆ. ನಾಲ್ಕೂ ಮುಕ್ಕಾಲಿಗೆ ಒಂದು ಸಣ್ಣ ತಿಂಡಿ: ಹುರಿಹಿಟ್ಟಿನ ಉಂಡೆ, ಇಲ್ಲವೇ ಬಾಳೆಹಣ್ಣು, ಕೆಲವು ದಿನ ತುಪ್ಪ ಹಚ್ಚಿದ ಕಡಲೆಪುರಿ.

ಒಳಗಿನ ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಾಲಿಗೆ ಓಟ ಬೇಕು. ಮೂರು ನಾಲ್ಕು ವರ್ಷದ ಮಕ್ಕಳು ದಿನದಲ್ಲಿ ಎಲ್ಲ ಸೇರಿ 180 ನಿಮಿಷ ಮೈ ಆಡಿಸಬೇಕು ಅಂತ ಅದೇ 2019ರ ಮಾರ್ಗಸೂಚಿ ಹೇಳುತ್ತದೆ. ನಮಗೆ ಅಂಗಳ ಇಲ್ಲ, ತಾರಸಿ ಇದೆ. ಒಂದು ದಿನ ಗೋಡೆಗೆ ಬಣ್ಣ ಬಳಿಯುವ ಹಳೇ ಬ್ರಷ್ ಕಣ್ಣಿಗೆ ಬಿತ್ತು. ಇಬ್ಬರಿಗೂ ಒಂದೊಂದು ಬ್ರಷ್, ಒಂದು ಚೊಂಬು ನೀರು. ತಾರಸಿಯ ಗೋಡೆಗೆ ನೀರಿನ ಬಣ್ಣ. ಬಳಿದಲ್ಲಿ ಗೋಡೆ ಕಪ್ಪಾಗುತ್ತದೆ, ಬಿಸಿಲಿಗೆ ಆರಿ ಮತ್ತೆ ಬೆಳ್ಳಗಾಗುತ್ತದೆ. ಮತ್ತೆ ಬಳಿಯಬೇಕು. ಮುಗಿಯುವುದೇ ಇಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರಿಗೆ ಕಾಯುವ ದಿನಗಳಲ್ಲಿ ಗೋಡೆಗೆ ನೀರು ಬಳಿಸೋಕೆ ಮನಸ್ಸು ಬರಲಿಲ್ಲ. ಮಗಳೇ ಕೇಳಿದಳು, "ಅಕ್ಕಿ ತೊಳೆದ ನೀರು ಬಿಸಾಕ್ತೀಯಲ್ಲ, ಅದು ಕೊಡು." ಆ ಬೇಸಿಗೆ ಪೂರ್ತಿ ನಮ್ಮ ತಾರಸಿ ಗೋಡೆಗೆ ಅಕ್ಕಿ ತೊಳೆದ ನೀರೇ. ಉಳಿದದ್ದು ತುಳಸಿ ಗಿಡಕ್ಕೆ.

ಮಳೆಗಾಲ ಬಂದಾಗ ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನಿಮಗೂ ನೆನಪಿರಬಹುದು. ಡೆಂಗಿ ತರುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚೆ. ಮಕ್ಕಳನ್ನು ಹೊರಗೆ ಬಿಡುವ ಹೊತ್ತೂ ಅದೇ ನೋಡಿ. ಆ ಮೂರು ತಿಂಗಳು ತುಂಬುತೋಳಿನ ಅಂಗಿ, ಉದ್ದ ಚಡ್ಡಿ ಹಾಕಿಸದೆ ಮೇಲೆ ಕರೆದುಕೊಂಡು ಹೋಗಲಿಲ್ಲ. ಹೂಕುಂಡದ ತಟ್ಟೆಯಲ್ಲಿ ನೀರು ನಿಂತಿದೆಯಾ ಅಂತ ನೋಡಿ ಚೆಲ್ಲುವ ಕೆಲಸವನ್ನು ಮಗಳಿಗೆ ಕೊಟ್ಟೆ. ಅವಳು ನಮ್ಮದು ಮುಗಿಸಿ ಕೆಳಗಿನ ಮನೆ ಅಜ್ಜಿಯ ಕುಂಡಗಳನ್ನೂ ನೋಡತೊಡಗಿದಳು.

ತಾರಸಿಯಿಂದ ಕೆಳಗಿಳಿಯುವುದಕ್ಕೆ ಗುರುತು ಬಾವಲಿ. ಆಕಾಶ ಕೆಂಪು ಕಳೆದು ನೀಲಿಗೆ ತಿರುಗುವಾಗ ಹಳೇ ಆಲದ ಮರದ ಕಡೆಯಿಂದ ಒಂದೊಂದಾಗಿ ಹೊರಡುತ್ತವೆ. ಹತ್ತು ಎಣಿಸಿದ ಮೇಲೆ ಮನೆಗೆ. ಗಡಿಯಾರ ತೋರಿಸಿ "ಟೈಮ್ ಆಯ್ತು" ಅಂದರೆ ಜಗಳ. ಬಾವಲಿ ಹತ್ತಾಯಿತು ಅಂದರೆ ತಾವೇ ಇಳಿಯುತ್ತಾರೆ. ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ 5.50ಕ್ಕೇ ಸೂರ್ಯ ಮುಳುಗುತ್ತಾನೆ, ಜುಲೈ ಮೊದಲ ವಾರದಲ್ಲಿ 6.50 ಆಗುತ್ತದೆ. ಆ ಒಂದು ಗಂಟೆಯ ಹೆಚ್ಚುಕಮ್ಮಿಯನ್ನು ಮಕ್ಕಳು ಬಾವಲಿಯಿಂದಲೇ ಕಲಿತರು.

ಎಲ್ಲ ದಿನವೂ ಹೀಗೆ ನಡೆಯುವುದಿಲ್ಲ. ಜ್ವರ ಬರುವ ಮುಂಚಿನ ಸಂಜೆ, ಶಾಲೆಯಲ್ಲಿ ಯಾರೋ ಬೈದ ಸಂಜೆ, ನನಗೇ ತಲೆನೋವಿರುವ ಸಂಜೆ ಯಾವ ಕರಿಬೇವೂ ಉಪಯೋಗಕ್ಕೆ ಬರುವುದಿಲ್ಲ. ಅಂಥ ದಿನ ಒಲೆ ಆರಿಸಿ, ಇಬ್ಬರನ್ನೂ ಬಕೆಟ್ ಬಿಸಿನೀರಿಗೆ ಇಳಿಸುತ್ತೇನೆ. ಆಮೇಲೆ ಅನ್ನ, ಮೊಸರು, ಉಪ್ಪಿನಕಾಯಿ. ಊಟ ಅಷ್ಟೇ ಸಾಕು ಅಂತ ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಕೆಲವೊಮ್ಮೆ ಅಮ್ಮನಿಗೆ ವೀಡಿಯೋ ಕರೆ ಮಾಡಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಡುತ್ತೇನೆ. ಅವಳು ಅಲ್ಲಿ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿರುತ್ತಾಳೆ. ಇವರು ಇಲ್ಲಿ ಬೆಳ್ಳುಳ್ಳಿ ಸುಲಿಯುತ್ತಾರೆ. ಹೆಚ್ಚು ಮಾತೂ ಇರುವುದಿಲ್ಲ. ಮನೆಗೆ ಇನ್ನೊಬ್ಬರು ದೊಡ್ಡವರು ಬಂದ ಹಾಗಿರುತ್ತದೆ. ಒಬ್ಬಂಟಿಯಾಗಿ ಈ ಹೊತ್ತನ್ನು ಎತ್ತುತ್ತಿರುವವರು ಅಕ್ಕಪಕ್ಕದಲ್ಲೇ ಎಷ್ಟೋ ಜನ ಇದ್ದಾರೆ. ನಮ್ಮ ಎದುರು ಮನೆಯವರೂ ಹಾಗೇ. ಈಗ ವಾರಕ್ಕೆ ಎರಡು ಸಂಜೆ ಅವರ ಮಗಳು ನಮ್ಮ ಚಾಪೆಗೆ ಬರುತ್ತಾಳೆ, ಎರಡು ಸಂಜೆ ನಮ್ಮವರು ಅಲ್ಲಿಗೆ ಹೋಗುತ್ತಾರೆ. ಕೇಳೋಕೆ ನನಗೆ ಸಂಕೋಚ ಇತ್ತು. ಕೇಳಿದಾಗ ಆಕೆಯ ಕಣ್ಣಲ್ಲಿ ನೀರು ಬಂತು.

ಲಾಟೀನು ಗಾಜಿನ ವಿಷಯಕ್ಕೆ ಬರುತ್ತೇನೆ. ಚಿಕ್ಕವನಿಗೆ ಮೂರು ತುಂಬಿದ ಮೇಲೆ ಅವನಿಗೊಂದು ಕೆಲಸ ಸಿಕ್ಕಿತು. ಹೊತ್ತು ಮುಳುಗಿದ ಮೇಲೆ ಬಾಗಿಲ ಹೊರಗಿನ ಲೈಟ್ ಹಾಕೋದು. ನಮ್ಮ ಮೆಟ್ಟಿಲು ಕತ್ತಲು, ಅವನಮ್ಮ ಕೆಲಸದಿಂದ ಬರುವಾಗ ಎಡವಬಾರದು. ಸ್ವಿಚ್ ಅವನಿಗೆ ಎಟುಕದು. ಅಡುಗೆಮನೆಯ ಮರದ ಸ್ಟೂಲ್ ಅನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಹೋಗುವನು, ಹತ್ತುವನು, ಒತ್ತುವನು. ಬೇರೆ ಯಾರಾದರೂ ಹಾಕಿಬಿಟ್ಟರೆ ಆರಿಸಿ ಮತ್ತೆ ತಾನೇ ಹಾಕಬೇಕು. ಕರೆಂಟ್ ಇಲ್ಲದ ದಿನವೂ ಹೋಗಿ ಒತ್ತಿ ಬರುತ್ತಾನೆ. ಬಂದಾಗ ಹತ್ತಿಕೊಳ್ಳಲಿ ಅಂತ.

ಈಗ ಅವನಿಗೆ ನಾಲ್ಕೂವರೆ, ಮಗಳಿಗೆ ಏಳು. ಸಂಜೆ ಹೊತ್ತು ಅವಳು ಚಾಪೆಯ ಮೇಲೆ ಕಾಲು ಗಂಟೆ ಇದ್ದರೆ ಜಾಸ್ತಿ. ಕೆಳಗೆ ರಸ್ತೆಯಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಗೆರೆ ಎಳೆದು ಕಾಯುತ್ತಿರುತ್ತಾರೆ. ಹೋಗುವ ಮುಂಚೆ ತನ್ನ ಪಾಲಿನ ಸೊಪ್ಪು ಬಿಡಿಸಿಟ್ಟು ಹೋಗುತ್ತಾಳೆ. ಅಮ್ಮ ಮೊನ್ನೆ ಫೋನ್ ಮಾಡಿದ್ದಳು, ಈ ಸಲ ಅವರೆ ಹೂ ಚೆನ್ನಾಗಿ ಕಟ್ಟಿದೆಯಂತೆ. ಜನವರಿಗೆ ಎರಡು ಚೀಲ ತರುತ್ತಾಳಂತೆ.

ಹೋದ ವಾರ ನಾನು ರಾಗಿಮುದ್ದೆಗೆ ಎಸರು ಇಟ್ಟು ತಿರುಗಿ ನೋಡಿದೆ. ಹೊರಗೆ ಕತ್ತಲಾಗಿತ್ತು. ಮಗ ಬಾಗಿಲ ಹತ್ತಿರ ಗೋಡೆಗೆ ಎದೆ ಒತ್ತಿಕೊಂಡು, ತುದಿಗಾಲಲ್ಲಿ ನಿಂತು, ನಡುಬೆರಳನ್ನು ಆದಷ್ಟೂ ಮೇಲಕ್ಕೆ ಚಾಚಿದ್ದ. ಲೈಟ್ ಹತ್ತಿತು. ಸ್ಟೂಲ್ ಅಡುಗೆಮನೆಯಲ್ಲೇ ಇತ್ತು.